ದನಿ ಅಡಗಿದ ಡಿಜಿಟಲ್ ಪಿಯಾನೊ: ದೋಷವನ್ನು ಹುಡುಕುವುದು ಹೇಗೆ?

ಹೊನ್ನಾವರದಿಂದ ಕುಮಟೆಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ (ಹಳಬರ ಬಾಯಲ್ಲಿ ಇದು ಇನ್ನೂ 17) ಹೊರಟರೆ ದಾರಿಯಲ್ಲಿ ಹಳದೀಪುರ ಸಿಗುತ್ತದೆ. ಪಡುವಣಕ್ಕೆ ಕಡಲು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುವ ಪ್ರದೇಶ ಇದು. ಕಳೆದ ಮಳೆಗಾಲದಲ್ಲಿ ಅಲ್ಲಿನ ಪರಿಚಿತರೊಬ್ಬರ ಮನೆಯಿಂದ ನನಗೆ ಕರೆ ಬಂತು. ಒಂಬತ್ತನೆಯ ತರಗತಿಯಲ್ಲಿ ಓದುವ ಅವರ ಮಗಳು ಸ್ವಾತಂತ್ರ್ಯ ದಿನದ ಸಮೂಹಗಾನಕ್ಕೆ ಕೀಬೋರ್ಡು ನುಡಿಸುವವಳಿದ್ದಳು. ದುಬೈಯಲ್ಲಿರುವ ಮಾವ ತಂದುಕೊಟ್ಟ 61 ಕೀಲಿಗಳ ವಾದ್ಯ. ಇನ್ನು ಹದಿನೈದು ದಿನವಿದೆ ಎನ್ನುವಾಗ ಅದರ ದನಿ ಅಡಗಿಹೋಗಿತ್ತು. ಪೇಟೆಯ ರಿಪೇರಿಯವರೊಬ್ಬರು ವಾದ್ಯವನ್ನು ನೋಡದೆ ಫೋನಿನಲ್ಲೇ ತೀರ್ಪು ಕೊಟ್ಟಿದ್ದರು.

“ಮಾಸ್ತರೇ, ಒಳಗಿನ ಬೋರ್ಡೇ ಹೋಗಿದೆಯಂತೆ. ಎಂಟು ಸಾವಿರ ಆಗ್ತದಂತೆ. ಅಷ್ಟು ಹಾಕುವುದೋ, ಬಿಟ್ಟುಬಿಡುವುದೋ?” ಎಂದು ಹುಡುಗಿಯ ತಂದೆ ಕೇಳಿದರು.

ನಾನು ಸಂಗೀತದವನಲ್ಲ, ಭೌತವಿಜ್ಞಾನ ಪಾಠ ಮಾಡಿದವನು. ಆದರೂ ಹೋಗಿ ನೋಡಿದೆ. ಅಂದು ಮಧ್ಯಾಹ್ನ ಆ ಮನೆಯ ಜಗಲಿಯಲ್ಲಿ ಹುಡುಗಿ ಮತ್ತು ನಾನು ಮಾಡಿದ ಹುಡುಕಾಟವೇ ಈ ಲೇಖನಕ್ಕೆ ಕಾರಣ. ಈಗ ಅನೇಕ ಶಾಲೆಗಳಲ್ಲಿ ಇಂಥ ವಾದ್ಯಗಳಿವೆ. ಒಮ್ಮೆ ಕೆಟ್ಟರೆ ಕಪಾಟಿನ ಮೇಲೇರಿ ಅಲ್ಲೇ ಉಳಿಯುವುದೂ ಉಂಟು. ಆದರೆ ಅವುಗಳಲ್ಲಿ ಹಲವು ನಿಜವಾಗಿ ಕೆಟ್ಟಿರುವುದಿಲ್ಲ.

ಕೀಲಿಯಿಂದ ಕಿವಿಯವರೆಗೆ

ಮೊದಲು ಹೆಸರಿನ ಗೊಂದಲ ನಿವಾರಿಸಿಕೊಳ್ಳೋಣ. ತೂಕದ 88 ಕೀಲಿಗಳಿದ್ದು ನಿಜವಾದ ಪಿಯಾನೊದ ಹಾಗೆ ಬೆರಳಿಗೆ ತಡೆ ಕೊಡುವುದನ್ನು ಡಿಜಿಟಲ್ ಪಿಯಾನೊ ಎನ್ನುತ್ತಾರೆ. 61 ಹಗುರ ಕೀಲಿಗಳಿರುವುದು ಸಾಮಾನ್ಯವಾಗಿ ಕೀಬೋರ್ಡು. (ಕೀಲಿ ಎಂದರೆ ನಮ್ಮ ಹಾರ್ಮೋನಿಯಂನವರು ಮನೆ ಎಂದು ಕರೆಯುವ ಪಟ್ಟಿ.) ದೋಷ ಹುಡುಕುವ ಮಟ್ಟಿಗೆ ಎರಡೂ ಒಂದೇ, ಏಕೆಂದರೆ ಒಳಗೆ ಸ್ವರ ಸಾಗುವ ದಾರಿ ಒಂದೇ.

ಹಾರ್ಮೋನಿಯಂನಲ್ಲಿ ಗಾಳಿ ಹಿತ್ತಾಳೆಯ ನಾಲಗೆಯನ್ನು ಕಂಪಿಸುತ್ತದೆ. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿಯುತ್ತದೆ. ಡಿಜಿಟಲ್ ವಾದ್ಯದ ಕೀಲಿಯ ಕೆಳಗೆ ಕಂಪಿಸುವಂಥದ್ದು ಏನೂ ಇಲ್ಲ. ಅಲ್ಲಿರುವುದು ರಬ್ಬರಿನ ಪುಟ್ಟ ಗುಬುಟು. ಅದರೊಳಗೆ ಇಂಗಾಲ ಬೆರೆಸಿದ ಎರಡು ಕಪ್ಪು ಬೊಟ್ಟುಗಳು. ಕೀಲಿ ಒತ್ತಿದಾಗ ಇವು ಕೆಳಗಿನ ಫಲಕದ ಮೇಲಿನ ಸಂಪರ್ಕಗಳನ್ನು ಒಂದಾದ ಮೇಲೊಂದರಂತೆ ಮುಟ್ಟುತ್ತವೆ. ಎರಡು ಏಕೆ? ಮೊದಲನೆಯದು ಮುಟ್ಟಿದ ಕ್ಷಣಕ್ಕೂ ಎರಡನೆಯದು ಮುಟ್ಟಿದ ಕ್ಷಣಕ್ಕೂ ನಡುವಿನ ಕಾಲವನ್ನು ಒಳಗಿನ ಸಂಸ್ಕಾರಕ, ಅಂದರೆ ಪ್ರೊಸೆಸರ್, ಅಳೆಯುತ್ತದೆ. ಜೋರಾಗಿ ಬಡಿದರೆ ಈ ಅಂತರ ಕೆಲವೇ ಮಿಲಿಸೆಕೆಂಡು, ಮೆಲ್ಲಗೆ ಒತ್ತಿದರೆ ಹತ್ತಾರು ಮಿಲಿಸೆಕೆಂಡು. ಅಂತರ ಕಡಿಮೆಯಾದಷ್ಟೂ ಸ್ವರ ಜೋರು. ಬೆರಳಿನ ಬಲವನ್ನು ವಾದ್ಯ ಅಳೆಯುವುದೇ ಇಲ್ಲ, ವೇಗವನ್ನು ಅಳೆಯುತ್ತದೆ. ಹಾಗೆ ಅಳೆದದ್ದನ್ನು 1ರಿಂದ 127ರವರೆಗಿನ ಒಂದು ಸಂಖ್ಯೆಯಾಗಿ ಬರೆದುಕೊಳ್ಳುತ್ತದೆ.

ಸಂಸ್ಕಾರಕ ಆ ಸಂಖ್ಯೆಗೆ ತಕ್ಕ ಧ್ವನಿಯ ಮಾದರಿಯನ್ನು ಸ್ಮೃತಿಕೋಶದಿಂದ ಎತ್ತಿಕೊಳ್ಳುತ್ತದೆ. ಇದು ನಿಜವಾದ ಪಿಯಾನೊ ನುಡಿಸಿ ಮೊದಲೇ ಧ್ವನಿಮುದ್ರಿಸಿ ಅಂಕಿಗಳಾಗಿ ಇಟ್ಟದ್ದು. ಸಿ.ಡಿ.ಯ ಗುಣಮಟ್ಟದಲ್ಲಾದರೆ ಸೆಕೆಂಡಿಗೆ 44,100 ಅಂಕಿಗಳು. ಈ ಅಂಕಿಗಳ ಸಾಲನ್ನು ಏರಿಳಿಯುವ ವೋಲ್ಟೇಜಾಗಿ ಮಾರ್ಪಡಿಸುವ ಚಿಪ್ ಮುಂದಿನ ಕೊಂಡಿ. ಆಮೇಲೆ ವರ್ಧಕ, ಹೆಡ್‌ಫೋನಿನ ಕಿಂಡಿ, ಕೊನೆಗೆ ಸ್ಪೀಕರ್. ಇವೆಲ್ಲಕ್ಕೂ ವಿದ್ಯುತ್ತು ಒದಗಿಸುವ ಅಡಾಪ್ಟರ್ ಬೇರೆ. ಎಣಿಸಿದರೆ ಏಳೆಂಟು ಕೊಂಡಿಗಳ ಸರಪಳಿ. ಇವುಗಳಲ್ಲಿ ಯಾವುದೇ ಒಂದು ಕಳಚಿದರೂ ಹೊರಗಿನವರಿಗೆ ಕಾಣುವುದು ಒಂದೇ ಲಕ್ಷಣ: ದನಿ ಇಲ್ಲ. ಆದ್ದರಿಂದ ‘ದನಿ ಇಲ್ಲ’ ಎಂಬುದರಿಂದ ‘ಬೋರ್ಡು ಹೋಗಿದೆ’ ಎಂದು ತೀರ್ಮಾನಿಸುವುದು, ಬಲ್ಬು ಉರಿಯದಿದ್ದರೆ ಶರಾವತಿಯ ವಿದ್ಯುದಾಗಾರವೇ ನಿಂತಿದೆ ಎಂದಂತೆ.

ಸರಪಳಿಯನ್ನು ಅರ್ಧ ಮಾಡಿ

ಎಂಟು ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಏಳು ಸಲ ನೋಡಬೇಕಾಗಬಹುದು. ಪ್ರತಿ ಸಲವೂ ಉಳಿದದ್ದನ್ನು ಅರ್ಧ ಮಾಡುತ್ತ ಹೋದರೆ ಮೂರೇ ಪರೀಕ್ಷೆ ಸಾಕು. ಏಕೆಂದರೆ 2×2×2 = 8. ನಿಘಂಟಿನಲ್ಲಿ ಪದ ಹುಡುಕುವಾಗ ನಾವು ಮಾಡುವುದೂ ಇದನ್ನೇ. ಪುಸ್ತಕವನ್ನು ನಡುವೆ ತೆರೆದು, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ಎಂದು ನೋಡುತ್ತೇವೆ.

ಅರ್ಧ ಮಾಡಲು ಬೇಕಾದ ಉಪಕರಣ ವಾದ್ಯದಲ್ಲೇ ಇದೆ. ಮೊದಲನೆಯದು ‘ಡೆಮೊ’ ಗುಂಡಿ. ಅದನ್ನು ಒತ್ತಿದರೆ ಒಳಗಿರುವ ಹಾಡು ತಾನೇ ನುಡಿಯುತ್ತದೆ. ಕೀಲಿಗಳ ಹಂಗು ಅದಕ್ಕಿಲ್ಲ. ಡೆಮೊ ಕೇಳಿಸಿ ಕೀಲಿ ಮಾತ್ರ ಮೌನವಾಗಿದ್ದರೆ ಸ್ಮೃತಿಕೋಶದಿಂದ ಸ್ಪೀಕರ್‌ವರೆಗಿನ ಎಲ್ಲವೂ ಸರಿ; ದೋಷ ಕೀಲಿಗಳ ಕಡೆಗಿದೆ. ಡೆಮೊ ಕೂಡ ಕೇಳಿಸದಿದ್ದರೆ ಹೆಡ್‌ಫೋನ್ ಹಾಕಿ ನೋಡಿ. ಹೆಡ್‌ಫೋನಿನಲ್ಲಿ ದನಿ ಇದ್ದರೆ ಸಂಸ್ಕಾರಕ, ಸ್ಮೃತಿಕೋಶ, ಪರಿವರ್ತಕ ಚಿಪ್ ಎಲ್ಲವೂ ಜೀವಂತ. ದೋಷ ಅಲ್ಲಿಂದ ಮುಂದೆ, ಅಂದರೆ ಹೆಡ್‌ಫೋನಿನ ಕಿಂಡಿ, ಸ್ಪೀಕರಿನ ವರ್ಧಕ, ತಂತಿ ಅಥವಾ ಸ್ಪೀಕರಿನಲ್ಲಿದೆ. ದುಬಾರಿ ಬೋರ್ಡಿನ ಮೇಲಿನ ಆರೋಪ ಇಷ್ಟಕ್ಕೇ ಬಿದ್ದುಹೋಗುತ್ತದೆ.

ಹಳದೀಪುರದಲ್ಲಿ ಆದದ್ದೂ ಇದೇ. ಸ್ವಿಚ್ ಹಾಕಿದರೆ ತೆರೆ ಬೆಳಗಿತು. ಕೀಲಿ, ಡೆಮೊ ಎರಡೂ ಮೌನ. ಹಿಂಬದಿಯಲ್ಲಿ ನೋಡಿದರೆ ಹೆಡ್‌ಫೋನಿನ ಕಿಂಡಿಯಲ್ಲಿ ದಪ್ಪ ಪಿನ್ನನ್ನು ಸಣ್ಣದಾಗಿಸುವ ಪರಿವರ್ತಕ ತುಂಡು ಹಾಗೇ ಉಳಿದಿತ್ತು. ಹೆಡ್‌ಫೋನನ್ನು ಕಿತ್ತವರು ಅದನ್ನು ಕಿತ್ತಿರಲಿಲ್ಲ. ಈ ಕಿಂಡಿಯೊಳಗೆ ಒಂದು ಸಣ್ಣ ಲೋಹದ ಎಲೆ ಇರುತ್ತದೆ. ಪಿನ್ ಒಳಗೆ ಬಂದಾಗ ಅದು ಪಕ್ಕಕ್ಕೆ ಸರಿದು ಸ್ಪೀಕರನ್ನು ಕಡಿದುಹಾಕುತ್ತದೆ. ಕಿಂಡಿಯಲ್ಲಿ ಏನಿದ್ದರೂ ಅದಕ್ಕೆ ಹೆಡ್‌ಫೋನೇ.

ತುಂಡನ್ನು ಕಿತ್ತೆವು. ಗೆದ್ದೆವೆಂದು ಹುಡುಗಿ ಕೀಲಿ ಒತ್ತಿದಳು. ಆಗಲೂ ದನಿ ಇಲ್ಲ! ಹೆಡ್‌ಫೋನ್ ಹಾಕಿದರೆ ಮಾತ್ರ ಚೆನ್ನಾಗಿ ಕೇಳುತ್ತಿತ್ತು. “ಸರ್, ಆ ಎಲೆ ವಾಪಸ್ ಬಂದು ಕೂತಿಲ್ಲವೇನೋ” ಎಂದಳು. ಸರಿಯಾದ ಊಹೆ. ತಿಂಗಳುಗಟ್ಟಲೆ ಸರಿದು ನಿಂತಿದ್ದ ಎಲೆಯ ತುದಿಗೆ ಕಡಲ ಗಾಳಿಯಲ್ಲಿ ಕಿಲುಬು ಹಿಡಿದಿರಬೇಕು. ಸ್ವಿಚ್ ಆರಿಸಿ, ಪಿನ್ನನ್ನು ಹತ್ತಿಪ್ಪತ್ತು ಬಾರಿ ಒಳಗೆ ಹೊರಗೆ ಆಡಿಸಿದೆವು. ಉಜ್ಜಿದ ಕಡೆ ಕಿಲುಬು ಸವೆಯುತ್ತದೆ. ಮತ್ತೆ ಸ್ವಿಚ್ ಹಾಕಿದಾಗ ಸ್ಪೀಕರಿನಿಂದ ದನಿ ಬಂತು. ಖರ್ಚು ಸೊನ್ನೆ.

ಡೆಮೊ ನುಡಿದು ಕೀಲಿಗಳೆಲ್ಲ ಒಟ್ಟಿಗೆ ಮೌನವಾಗಿದ್ದರೆ ಇನ್ನೊಂದು ಗುಮಾನಿ ಇಡಬೇಕು. ಕಂಪ್ಯೂಟರಿಗೋ ಮೊಬೈಲಿಗೋ ಜೋಡಿಸಿ ನುಡಿಸುವವರ ವಾದ್ಯದಲ್ಲಿ ‘ಲೋಕಲ್ ಕಂಟ್ರೋಲ್’ ಎಂಬ ಸೆಟ್ಟಿಂಗ್ ಆಫ್ ಆಗಿರಬಹುದು. ಆಗ ಕೀಲಿಗಳು ಒಳಗಿನ ಧ್ವನಿಯನ್ನು ನುಡಿಸುವುದನ್ನು ಬಿಟ್ಟು ಕಂಪ್ಯೂಟರಿಗೆ ಮಾತ್ರ ಸುದ್ದಿ ಕಳಿಸುತ್ತವೆ. ಬಹಳಷ್ಟು ವಾದ್ಯಗಳಲ್ಲಿ ಒಮ್ಮೆ ಆರಿಸಿ ಹಾಕಿದರೆ ಇದು ತಾನೇ ಆನ್ ಆಗುತ್ತದೆ.

ನುಡಿಸುತ್ತಿದ್ದ ಸ್ವರ ನಿಲ್ಲದೆ ಎಳೆಯುತ್ತಲೇ ಇದ್ದರೆ? ಕಾಲಿನ ಪೆಡಲನ್ನು ನೋಡಿ. ಸ್ವಿಚ್ ಹಾಕುವ ಕ್ಷಣದಲ್ಲಿ ಪೆಡಲ್ ಯಾವ ಸ್ಥಿತಿಯಲ್ಲಿದೆಯೋ ಅದೇ ‘ಒತ್ತದ’ ಸ್ಥಿತಿ ಎಂದು ಅನೇಕ ವಾದ್ಯಗಳು ಗ್ರಹಿಸುತ್ತವೆ. ಆಗ ಪೆಡಲಿನ ಮೇಲೆ ಕಾಲಿಟ್ಟಿದ್ದರೆ ಎಲ್ಲವೂ ತಲೆಕೆಳಗು. ಬಿಟ್ಟರೆ ಸ್ವರ ಎಳೆಯುತ್ತದೆ, ಒತ್ತಿದರೆ ನಿಲ್ಲುತ್ತದೆ. ಕಾಲು ತೆಗೆದು ಮತ್ತೆ ಸ್ವಿಚ್ ಹಾಕುವುದೇ ಚಿಕಿತ್ಸೆ. ಇನ್ನು, ಸುಮ್ಮನೆ ಬಿಟ್ಟ ವಾದ್ಯ ಅರ್ಧ ಗಂಟೆಯಲ್ಲಿ ತಾನೇ ಆರಿದರೆ ಗಾಬರಿ ಬೇಡ. ವಿದ್ಯುತ್ತು ಉಳಿಸಲು ಈಚಿನ ವಾದ್ಯಗಳಲ್ಲಿ ಹಾಗೆ ಮಾಡಿದ್ದಾರೆ.

ಒಂದು ಕೀಲಿಯ ರಗಳೆ, ಎಂಟು ಕೀಲಿಗಳ ಲೆಕ್ಕ

ದನಿ ಬಂದ ಮೇಲೆ ಹುಡುಗಿ ಇನ್ನೊಂದು ದೂರು ಹೇಳಿದಳು. ನಡುವಿನ ಸಪ್ತಕದ ಕಪ್ಪು 4 ಎಷ್ಟು ಮೆಲ್ಲಗೆ ಒತ್ತಿದರೂ ಕಿರುಚುತ್ತದೆ. ಇದು ಕೀಬೋರ್ಡುಗಳ ಬಹು ಸಾಮಾನ್ಯ ಕಾಯಿಲೆ. ಕಾರಣವನ್ನು ಮೇಲೆ ಹೇಳಿದ ಎರಡು ಬೊಟ್ಟುಗಳಿಂದಲೇ ಊಹಿಸಬಹುದು.

ಮೊದಲ ಬೊಟ್ಟಿನ ಮೇಲೆ ಧೂಳು ಕೂತಿದೆ ಎಂದಿಟ್ಟುಕೊಳ್ಳಿ. ಮುಟ್ಟಿದ ತಕ್ಷಣ ಅದು ವಿದ್ಯುತ್ತನ್ನು ಹರಿಯಬಿಡುವುದಿಲ್ಲ. ಇನ್ನಷ್ಟು ಅದುಮಿದ ಮೇಲೆ, ತಡವಾಗಿ, ಸಂಪರ್ಕ ಕೂಡುತ್ತದೆ. ಎರಡನೆಯದು ಮಾತ್ರ ಸರಿಯಾದ ಸಮಯಕ್ಕೇ ಕೂಡುತ್ತದೆ. ಹೀಗಾಗಿ ಇಬ್ಬರ ನಡುವಿನ ಅಂತರ ಕಿರಿದಾಯಿತು. ಅಂತರ ಕಿರಿದಾದರೆ ಕೀಲಿಯನ್ನು ಬಲವಾಗಿ ಬಡಿದರು ಎಂದು ಸಂಸ್ಕಾರಕ ತಿಳಿಯುತ್ತದೆ. ಕೊಳೆಯಿಂದ ಸ್ವರ ಮಂಕಾಗಬೇಕು ಎಂದು ನಾವು ನಿರೀಕ್ಷಿಸುತ್ತೇವೆ, ಆಗುವುದು ತದ್ವಿರುದ್ಧ. ಎರಡನೆಯ ಬೊಟ್ಟೇ ಕೂಡದಿದ್ದರೆ ಕೀಲಿ ಪೂರ್ಣ ಮೌನ.

ಒಂದೆರಡು ಕೀಲಿಗಳ ತೊಂದರೆ ಹೀಗಾಯಿತು. ಹಲವು ಕೀಲಿಗಳು ಒಟ್ಟಿಗೆ ಕೈಕೊಟ್ಟರೆ, ಯಾವುವು ಎಂದು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಆ ಪಟ್ಟಿಯೇ ದೋಷದ ವಿಳಾಸ ಹೇಳುತ್ತದೆ. ಹೇಗೆಂದರೆ, 61 ಕೀಲಿಗಳಿಗೆ ಎರಡರಂತೆ 122 ಸಂಪರ್ಕಗಳು. ಒಂದೊಂದಕ್ಕೂ ಪ್ರತ್ಯೇಕ ತಂತಿ ಎಳೆದರೆ ಸಂಸ್ಕಾರಕಕ್ಕೆ ನೂರಕ್ಕೂ ಹೆಚ್ಚು ಕಾಲುಗಳು ಬೇಕು. ಇದನ್ನು ತಪ್ಪಿಸಲು ಅವುಗಳನ್ನು ಗುಣಾಕಾರದ ಮಗ್ಗಿಯ ಕೋಷ್ಟಕದಂತೆ ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸುತ್ತಾರೆ. 8 ಕಂಬಸಾಲು, 16 ಅಡ್ಡಸಾಲು ಇದ್ದರೆ 8×16 = 128 ಸಂಪರ್ಕಗಳನ್ನು ಕೇವಲ 24 ತಂತಿಗಳಿಂದ ಗುರುತಿಸಬಹುದು. ಸಂಸ್ಕಾರಕ ಒಂದೊಂದೇ ಸಾಲಿಗೆ ವೋಲ್ಟೇಜು ಕೊಟ್ಟು ‘ಯಾರು ಒತ್ತಿದ್ದೀರಿ?’ ಎಂದು ಹಾಜರಿ ಕರೆಯುತ್ತದೆ. ಬೆರಳಿಗೆ ಗೊತ್ತೇ ಆಗದಷ್ಟು ವೇಗವಾಗಿ, ಬಿಡುವಿಲ್ಲದೆ.

ಈಗ ಒಂದು ಕಂಬಸಾಲಿನ ತಂತಿ ತುಂಡಾದರೆ ಏನಾಗುತ್ತದೆ? ಎಂಟರ ಜೋಡಣೆಯಲ್ಲಿ ಎಡದಿಂದ 1, 9, 17, 25, 33, 41, 49, 57ನೆಯ ಕೀಲಿಗಳು ಮೌನವಾಗುತ್ತವೆ. ಸ್ವರಗಳ ಲೆಕ್ಕದಲ್ಲಿ ಬಿಳಿ 1, ಕಪ್ಪು 4, ಬಿಳಿ 3, ಮತ್ತೆ ಬಿಳಿ 1, ಕಪ್ಪು 4, ಬಿಳಿ 3, ಹೀಗೆ. ಸಂಗೀತದವರಿಗೆ ಇದು ಯಾವ ರಾಗಕ್ಕೂ ಸೇರದ ವಿಚಿತ್ರ. ಆದರೆ ಎಂಟು ಕೀಲಿಗಳ ಕೆಳಗೂ ಒಂದೇ ದಿನ, ಇಷ್ಟು ಶಿಸ್ತಾಗಿ ಧೂಳು ಕೂರುವುದಿಲ್ಲ. ಹಾಗಾದರೆ ಕೆಟ್ಟಿರುವುದು ಎಂಟು ಕೀಲಿಗಳಲ್ಲ, ಒಂದು ತಂತಿ. ಬಹುಪಾಲು ಪಟ್ಟಿಕೇಬಲ್ಲಿನ ತುದಿ ಸಡಿಲಾಗಿರುತ್ತದೆ. ಅಕ್ಕಪಕ್ಕದ ಎಂಟು ಕೀಲಿಗಳ ಗುಂಪು ಮೌನವಾದರೆ ಹೋಗಿರುವುದು ಅಡ್ಡಸಾಲು. ಕೆಲವು ವಾದ್ಯಗಳಲ್ಲಿ ಆರರ ಅಥವಾ ಹನ್ನೆರಡರ ಜೋಡಣೆ ಇರುತ್ತದೆ. ಲೆಕ್ಕದ ಕ್ರಮ ಮಾತ್ರ ಒಂದೇ. ಗಣಿತದ ಮಾಸ್ತರರಿಗೆ ಶೇಷದ ಲೆಕ್ಕ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು: ಇಲ್ಲಿ ಮೌನವಾದ ಕೀಲಿಗಳ ಸಂಖ್ಯೆಯನ್ನೆಲ್ಲ 8ರಿಂದ ಭಾಗಿಸಿದರೆ ಉಳಿಯುವ ಶೇಷ 1.

ಗುಂಯ್ ಎನ್ನುವುದು ಯಾವ ಸ್ವರ?

ವಾದ್ಯವನ್ನು ಸಭಾಭವನದ ಧ್ವನಿವರ್ಧಕಕ್ಕೆ ಜೋಡಿಸಿದಾಗ ಹಿನ್ನೆಲೆಯಲ್ಲಿ ಗುಂಯ್ ಎಂಬ ಮೊರೆತ ಬರುವುದುಂಟು. ಅದು ಎಲ್ಲಿಂದ ಬಂತೆಂದು ತಿಳಿಯಲು ಅದರ ಆವೃತ್ತಿ ತಿಳಿಯಬೇಕು. ಅಳೆಯುವ ಸಾಧನ ಕೈಯಲ್ಲೇ ಇದೆ, ಕೀಬೋರ್ಡು! 61 ಕೀಲಿಗಳ ವಾದ್ಯದಲ್ಲಿ ಎಡತುದಿಯಿಂದ ಐದನೆಯ ಬಿಳಿ ಕೀಲಿಯ ಆವೃತ್ತಿ 98 ಹರ್ಟ್ಸ್. ಅದರ ಕೆಳಗಿನ ಸಪ್ತಕದ ಅದೇ ಸ್ವರ 49 ಹರ್ಟ್ಸ್. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಆಂದೋಲಿಸುತ್ತದೆ. ಆದ್ದರಿಂದ ಭಾರತದಲ್ಲಿ ವಿದ್ಯುತ್ತಿನ ಮೊರೆತ ಹೆಚ್ಚುಕಡಿಮೆ ಬಿಳಿ 5ರ ಶ್ರುತಿಯಲ್ಲಿರುತ್ತದೆ. 60 ಹರ್ಟ್ಸ್ ವಿದ್ಯುತ್ತಿರುವ ಅಮೆರಿಕದಲ್ಲಿ ಅದು ಬೇರೆ ಸ್ವರ.

ಆ ಐದನೆಯ ಬಿಳಿ ಕೀಲಿಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಮೊರೆತ ಅದರ ಜೊತೆ ಬಹುತೇಕ ಸೇರಿ, ಸೆಕೆಂಡಿಗೆ ಎರಡು ಸಲ ಏರಿಳಿದಂತೆ ಕೇಳಿಸಿದರೆ ಅದು 100 ಹರ್ಟ್ಸ್. (100 ಕಳೆ 98, ಈ ಏರಿಳಿತವನ್ನೇ ಪಠ್ಯಪುಸ್ತಕ ವಿಸ್ಪಂದನ ಎನ್ನುವುದು.) ಪರ್ಯಾಯ ವಿದ್ಯುತ್ತನ್ನು ನೇರವಾಗಿಸುವಾಗ ಅಲೆಯ ಎರಡೂ ಮಗ್ಗುಲು ಒಂದೇ ಕಡೆಗೆ ಮಡಚುವುದರಿಂದ 50 ಇದ್ದದ್ದು 100 ಆಗುತ್ತದೆ. ಆದಕಾರಣ 100ರ ಮೊರೆತಕ್ಕೆ ಮೊದಲ ಗುಮಾನಿ ಹಳೆಯ ಮಾದರಿಯ ಅಡಾಪ್ಟರ್ ಅಥವಾ ಧ್ವನಿವರ್ಧಕದ ಸೊರಗಿದ ಧಾರಕ. ಒಂದು ಸಪ್ತಕ ಕೆಳಗಿನ, ದಪ್ಪ ದನಿಯ 50ರ ಮೊರೆತವಾದರೆ ಕೀಬೋರ್ಡು, ಲ್ಯಾಪ್‌ಟಾಪ್, ಧ್ವನಿವರ್ಧಕ ಮೂರೂ ಬೇರೆ ಬೇರೆ ಪ್ಲಗ್ಗುಗಳಿಂದ ವಿದ್ಯುತ್ತು ಪಡೆದು ನೆಲದ ತಂತಿಯ ಮೂಲಕ ಒಂದು ಸುತ್ತು ಕಟ್ಟಿಕೊಂಡಿರಬಹುದು. ಎಲ್ಲವನ್ನೂ ಒಂದೇ ಬೋರ್ಡಿನಿಂದ ಹಾಕಿ ನೋಡಿ. ಅರ್ಥಿಂಗ್ ತಂತಿಯನ್ನು ಮಾತ್ರ ಕತ್ತರಿಸಬೇಡಿ. ಮೊರೆತ ನಿಲ್ಲಿಸಲು ಹಾಗೆ ಮಾಡುವವರಿದ್ದಾರೆ. ಅದು ಪ್ರಾಣಕ್ಕೆ ಎರವಾಗುವ ಬುದ್ಧಿವಂತಿಕೆ.

ಶ್ರುತಿಯ ದೂರೂ ಇದೆ. ‘ನಮ್ಮ ಕೀಬೋರ್ಡು ಹಾರ್ಮೋನಿಯಂಗೆ ಸೇರುತ್ತಿಲ್ಲ, ಶ್ರುತಿ ಇಳಿದಿದೆ’ ಎನ್ನುತ್ತಾರೆ. ಹಾರ್ಮೋನಿಯಂನ ನಾಲಗೆ ಸವೆಯಬಹುದು, ಪಿಯಾನೊದ ತಂತಿ ಸಡಿಲಾಗಬಹುದು. ಆದರೆ ಡಿಜಿಟಲ್ ವಾದ್ಯದ ಶ್ರುತಿಯನ್ನು ನಿಶ್ಚಯಿಸುವುದು, ಕೈಗಡಿಯಾರದಲ್ಲಿರುವಂಥ ಒಂದು ಕ್ವಾರ್ಟ್ಸ್ ಹರಳು. ಅದು ಕಿವಿಗೆ ತಿಳಿಯುವಷ್ಟು ಇಳಿಯುವುದಿಲ್ಲ. ಹಾಗಾಗಿ ಶ್ರುತಿ ತಪ್ಪಿದ್ದರೆ ಯಾರೋ ಗುಂಡಿ ಒತ್ತಿದ್ದಾರೆ ಎಂದೇ ಅರ್ಥ. ಪೂರ್ತಿ ಒಂದೋ ಎರಡೋ ಮನೆಯ ವ್ಯತ್ಯಾಸವಿದ್ದರೆ ‘ಟ್ರಾನ್ಸ್‌ಪೋಸ್’ ಸೊನ್ನೆಯಲ್ಲಿದೆಯೇ ನೋಡಿ. ಕೂದಲೆಳೆಯ ವ್ಯತ್ಯಾಸವಿದ್ದರೆ ‘ಟ್ಯೂನ್’ 440 ಹರ್ಟ್ಸ್‌ನಲ್ಲಿದೆಯೇ ನೋಡಿ. ಎರಡೂ ಸರಿಯಿದ್ದರೆ ಹಾರ್ಮೋನಿಯಂ ಅನ್ನೇ ವಿಚಾರಿಸಬೇಕಾಗುತ್ತದೆ. ಯಕ್ಷಗಾನದ ಹಿಮ್ಮೇಳದವರಿಗೆ ಈ ತೊಂದರೆ ಕಡಿಮೆ. ಭಾಗವತರ ಕಂಠಕ್ಕೆ ತಕ್ಕಂತೆ ಅವರು ಶ್ರುತಿಪೆಟ್ಟಿಗೆಯ ತಿರುಪನ್ನೇ ತಿರುಗಿಸಿಕೊಳ್ಳುತ್ತಾರೆ.

ತೆರೆಯ ಮೇಲಿನ ಅಕ್ಷರಗಳು

ಪುಟ್ಟ ತೆರೆಯ ಮೇಲೆ ‘ಎರರ್’ ಎಂಬ ಇಂಗ್ಲಿಷ್ ಪದವೋ, ‘ಇ’ ಅಕ್ಷರದ ಮುಂದೆ ಎರಡಂಕಿಯೋ ಮೂಡಿದರೆ ಜನ ಬೆದರುತ್ತಾರೆ. ನಿಜಕ್ಕೂ ಅದು ಬೆದರಿಕೆಯಲ್ಲ, ವರದಿ. ಸರಪಳಿಯಲ್ಲಿ ತನ್ನ ತಪಾಸಣೆ ಎಲ್ಲಿ ನಿಂತಿತು ಎಂದು ಯಂತ್ರ ಹೇಳಿಕೊಳ್ಳುತ್ತಿದೆ. ಅದಕ್ಕೆ ಹೇಗೆ ಗೊತ್ತಾಗುತ್ತದೆ? ಒಂದು ಉಪಾಯ ಮೊತ್ತದ ತಾಳೆ. ಸ್ಮೃತಿಯಲ್ಲಿ 7, 12, 5 ಎಂಬ ಅಂಕಿಗಳಿವೆ ಎನ್ನಿ. ಅವುಗಳ ಜೊತೆ ಮೊತ್ತ 24 ಅನ್ನೂ ಬರೆದಿಟ್ಟಿರುತ್ತಾರೆ. ಓದುವಾಗ ಮತ್ತೆ ಕೂಡುತ್ತದೆ. 23 ಬಂದರೆ ಯಾವುದೋ ಅಂಕಿ ಕೆಟ್ಟಿದೆ. ಯಾವುದೆಂದು ಈ ಸರಳ ವಿಧಾನ ಹೇಳದು. ಕೆಟ್ಟಿದೆ ಎಂದಷ್ಟೇ ಹೇಳುತ್ತದೆ.

ಸಂದೇಶಗಳಲ್ಲಿ ಬಹುಪಾಲು ವಾದ್ಯಕ್ಕೆ ಸಂಬಂಧಿಸಿದವೇ ಅಲ್ಲ, ಪೆನ್‌ಡ್ರೈವಿಗೆ ಸಂಬಂಧಿಸಿದವು: ಜಾಗ ತುಂಬಿದೆ, ಬರೆಯಲು ಅನುಮತಿಯಿಲ್ಲ, ಓದಲಾಗುತ್ತಿಲ್ಲ, ಡ್ರೈವ್ ಸಿಕ್ಕಿಲ್ಲ, ಇತ್ಯಾದಿ. ಇಲ್ಲೊಂದು ಹೊಂಡವಿದೆ. 32 ಜಿ.ಬಿ.ಗಿಂತ ದೊಡ್ಡ ಪೆನ್‌ಡ್ರೈವುಗಳು ಸಾಮಾನ್ಯವಾಗಿ ‘ಎಕ್ಸ್‌ಫ್ಯಾಟ್’ ಎಂಬ ವ್ಯವಸ್ಥೆಯಲ್ಲಿ ಬರುತ್ತವೆ. ಅನೇಕ ಕೀಬೋರ್ಡುಗಳು ಹಳೆಯ ‘ಫ್ಯಾಟ್32’ ಮಾತ್ರ ಓದಬಲ್ಲವು. ಆಗ ವಾದ್ಯ ‘ಫಾರ್ಮ್ಯಾಟ್ ಆಗಿಲ್ಲ’ ಎನ್ನುತ್ತದೆ. ಕೆಲವು ‘ಮಾಡಲೇ?’ ಎಂದೂ ಕೇಳುತ್ತವೆ. ‘ಹೌದು’ ಒತ್ತಿದಿರೋ, ಅದರಲ್ಲಿದ್ದ ಹಾಡು, ಫೋಟೊ, ಪ್ರಶ್ನೆಪತ್ರಿಕೆ ಎಲ್ಲ ಅಳಿಸಿಹೋದಂತೆ. ಬೇರೆ ಕೆಲಸಕ್ಕೆ ಬಳಸದ, ಚಿಕ್ಕದೊಂದು ಡ್ರೈವನ್ನು ವಾದ್ಯಕ್ಕೇ ಮೀಸಲಿಡುವುದು ಜಾಣತನ.

ಇನ್ನೊಂದು ಜಾತಿಯ ಸಂದೇಶ ‘ಹೆಚ್ಚು ವಿದ್ಯುತ್ ಹರಿಯಿತು’ ಎಂಬುದು. ಯು.ಎಸ್.ಬಿ. ಕಿಂಡಿಗೆ ಜೋಡಿಸಿದ್ದು ಮಿತಿಗಿಂತ ಹೆಚ್ಚು ವಿದ್ಯುತ್ತು ಎಳೆದಾಗ ವಾದ್ಯ ಆ ಕಿಂಡಿಯನ್ನು ಮುಚ್ಚಿಬಿಡುತ್ತದೆ. ಜೋಡಿಸಿದ್ದನ್ನು ಕಿತ್ತು, ಆರಿಸಿ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. (ಮೊಬೈಲ್ ಚಾರ್ಜ್ ಮಾಡಲು ಆ ಕಿಂಡಿಯನ್ನು ಬಳಸುವ ಮಕ್ಕಳಿಗೆ ಇದನ್ನು ತಿಳಿಸಿ.) ಮೂರನೆಯದು ಮಾಹಿತಿಯ ನೂಕುನುಗ್ಗಲು. ವಾದ್ಯಗಳು ಪರಸ್ಪರ ಮಾತಾಡುವ ‘ಮಿಡಿ’ ಭಾಷೆ 1983ರದು. ಅದರ ಮೂಲ ಕೇಬಲ್ಲಿನಲ್ಲಿ ಸೆಕೆಂಡಿಗೆ 31,250 ಬಿಟ್‌ಗಳು ಮಾತ್ರ ಸಾಗುತ್ತವೆ. ಒಂದು ಸ್ವರದ ಸುದ್ದಿಗೆ 30 ಬಿಟ್ ಬೇಕು, ಅಂದರೆ ಸುಮಾರು ಒಂದು ಮಿಲಿಸೆಕೆಂಡು. ಕಂಪ್ಯೂಟರು ಅರಗಿಸಿಕೊಳ್ಳಲಾಗದಷ್ಟು ಸುದ್ದಿ ಸುರಿದರೆ ವಾದ್ಯ ಕೈಚೆಲ್ಲುತ್ತದೆ. ‘ಕೀಲಿ ಬಿಟ್ಟರು’ ಎಂಬ ಸುದ್ದಿ ದಾರಿಯಲ್ಲಿ ಕಳೆದುಹೋದರೆ ಆ ಸ್ವರ ನಿಲ್ಲುವುದೇ ಇಲ್ಲ.

ಕೋಡುಗಳಿಗೆ ಸರ್ವಸಮ್ಮತ ಅರ್ಥವಿಲ್ಲ. ಉದಾಹರಣೆಗೆ ರೋಲ್ಯಾಂಡ್ ಕಂಪನಿಯ ಹಲವು ಪಿಯಾನೊಗಳಲ್ಲಿ ಇ.40 ಎಂದರೆ ಮಿಡಿ ಸುದ್ದಿಯ ನೂಕುನುಗ್ಗಲು, ಇ.65 ಎಂದರೆ ಯು.ಎಸ್.ಬಿ. ಕಿಂಡಿಯಲ್ಲಿ ಹೆಚ್ಚಿನ ವಿದ್ಯುತ್, ಇ.51 ಎಂದರೆ ವ್ಯವಸ್ಥೆಯದೇ ದೋಷ. ಬೇರೆ ಕಂಪನಿಯ ವಾದ್ಯದಲ್ಲಿ ಅದೇ ಅಂಕಿ ಬೇರೇನನ್ನೋ ಹೇಳೀತು. ನಿಮ್ಮ ಮಾದರಿಯ ಕೈಪಿಡಿಯ ಕೊನೆಯ ಪುಟಗಳಲ್ಲಿ ಪಟ್ಟಿ ಇರುತ್ತದೆ. ಕೊನೆಯದಾಗಿ ಹೇಳಿದ ‘ವ್ಯವಸ್ಥೆಯ ದೋಷ’ ಒಂದೇ ಸಲ ಬಂದು ಹೋದರೆ ವೋಲ್ಟೇಜಿನ ಏರಿಳಿತಕ್ಕೆ ಸಂಸ್ಕಾರಕ ಎಡವಿರಬಹುದು. ಅಡಾಪ್ಟರ್ ಕಿತ್ತು, ಐದು ನಿಮಿಷ ಬಿಟ್ಟು ಹಾಕಿ. ಮತ್ತೆ ಮತ್ತೆ ಬಂದರೆ ಕಾರ್ಖಾನೆಯ ಮೂಲಸ್ಥಿತಿಗೆ ಮರಳಿಸಬೇಕು. ಯಮಹಾದ ಹಲವು ಮಾದರಿಗಳಲ್ಲಿ ಬಲತುದಿಯ ಬಿಳಿ ಕೀಲಿಯನ್ನು ಒತ್ತಿ ಹಿಡಿದು ಸ್ವಿಚ್ ಹಾಕಿದರೆ ಹೀಗಾಗುತ್ತದೆ. ನೀವು ಉಳಿಸಿಟ್ಟ ಸೆಟ್ಟಿಂಗುಗಳು, ಕೆಲವದರಲ್ಲಿ ಧ್ವನಿಮುದ್ರಿಸಿದ ಹಾಡುಗಳೂ, ಇದರಿಂದ ಅಳಿಸಿಹೋಗುತ್ತವೆ ಎಂಬುದು ನೆನಪಿರಲಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಬೋರ್ಡಿನ ಮಾತು.

ಏನೂ ಸಂದೇಶ ಬರದೆ, ದನಿ ಏರಿಸಿದಾಗಲೆಲ್ಲ ವಾದ್ಯ ಆರಿ ಹೊತ್ತಿಕೊಂಡರೆ ಬ್ಯಾಟರಿ ಸೊರಗಿದೆ ಅಥವಾ ಅಡಾಪ್ಟರ್ ಬದಲಾಗಿದೆ. ಅಡಾಪ್ಟರಿನ ಚೀಟಿಯಲ್ಲಿ ಮೂರನ್ನು ತಾಳೆ ನೋಡಬೇಕು. ವೋಲ್ಟು ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು, ಪಿನ್ನಿನ ನಡುವಿರುವುದು ಧನವೋ ಋಣವೋ ಎಂಬ ಚಿತ್ರ ಒಂದೇ ಇರಬೇಕು. ಈ ಮೂರನೆಯದರಲ್ಲಿ ಕಂಪನಿಗಳಿಗೆ ಒಮ್ಮತವಿಲ್ಲ. ಪಿನ್ ಸರಿಯಾಗಿ ಕೂತಿತು ಎಂಬುದು ಸಾಕ್ಷಿಯಲ್ಲ. ಅಮೆರಿಕದಿಂದ ತಂದ ಅಡಾಪ್ಟರಿನ ಮೇಲೆ ‘100–240 ವೋಲ್ಟ್’ ಎಂದಿಲ್ಲದೆ 120 ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ಸುಟ್ಟುಹೋಗುತ್ತದೆ.

ಉಪ್ಪಿನ ಭರಣಿ ಹೇಳುವುದು

ಕರಾವಳಿಯ ವಾದ್ಯಕ್ಕೆ ಬಯಲುಸೀಮೆಯದಕ್ಕಿಲ್ಲದ ಶತ್ರು ಒಂದಿದೆ. ಜೂನ್ ಬಂತೆಂದರೆ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರೊಡೆಯುತ್ತದೆ. ಶುದ್ಧ ಅಡುಗೆ ಉಪ್ಪು, ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75 ದಾಟಿದರೆ ತೇವ ಹೀರಿ ತಾನೇ ಕರಗುತ್ತದೆ. ಕುಮಟಾ ತಾಲೂಕಿನ ಸಾಣಿಕಟ್ಟೆಯಲ್ಲಿ ತಯಾರಾಗುವಂಥ ಹರಳುಪ್ಪು ಇನ್ನೂ ಬೇಗ ಒದ್ದೆಯಾಗುತ್ತದೆ. ಕಡಲ ಉಪ್ಪಿನಲ್ಲಿ ಉಳಿದಿರುವ ಮೆಗ್ನೀಸಿಯಮ್ ಕ್ಲೋರೈಡಿಗೆ ಶೇ. 33ರಷ್ಟು ಆರ್ದ್ರತೆಯೇ ಸಾಕು. ಮಳೆಗಾಲದಲ್ಲಿ ಈ ಕರಾವಳಿಯ ಗಾಳಿ ಹೆಚ್ಚಿನ ಹೊತ್ತು ಈ ಎರಡೂ ಗೆರೆಗಳ ಮೇಲೆಯೇ ಇರುತ್ತದೆ.

ಅಲೆ ಒಡೆದಾಗ ಏಳುವ ತುಂತುರಿನ ಉಪ್ಪು ಗಾಳಿಯಲ್ಲಿ ತೇಲಿ ಬಂದು ಕೀಬೋರ್ಡಿನೊಳಗಿನ ಮಂಡಲ ಫಲಕದ ಮೇಲೂ ಕೂರುತ್ತದೆ. ಬೇಸಗೆಯಲ್ಲಿ ಅದು ಧೂಳಿನ ಜೊತೆಗೆ ಇನ್ನಷ್ಟು ಧೂಳು. ಮಳೆಗಾಲದಲ್ಲಿ ಅದೇ ಉಪ್ಪುನೀರಿನ ತೆಳುಪರೆ, ವಿದ್ಯುದ್ವಾಹಕ. ಎರಡು ತಂತಿಗೆರೆಗಳ ನಡುವೆ ಅದು ಸೇತುವೆ ಕಟ್ಟಿದರೆ ಯಾರೂ ಒತ್ತದ ಕೀಲಿ ತಾನಾಗಿ ನುಡಿಯುತ್ತದೆ. ತಾಮ್ರ ಹಸಿರಾಗುತ್ತದೆ. ಬೆಳಗ್ಗೆ ತಂಟೆ ಮಾಡಿ, ಗಂಟೆ ಹೊತ್ತು ಹಾಕಿಟ್ಟ ಮೇಲೆ ಸರಿಹೋಗುವ ವಾದ್ಯದ ಕಾಯಿಲೆ ಬಹುಮಟ್ಟಿಗೆ ಇದೇ. ಒಳಗಿನ ಬಿಸಿಗೆ ತೇವ ಆರುತ್ತದೆ, ಉಪ್ಪು ಮಾತ್ರ ಅಲ್ಲೇ ಇರುತ್ತದೆ.

ಆದ್ದರಿಂದ ಮಳೆಗಾಲದಲ್ಲಿ ವಾದ್ಯವನ್ನು ಮುಚ್ಚಿಟ್ಟು ಮರೆಯುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ನುಡಿಸುವುದೇ ಮೇಲು. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ. ದಪ್ಪ ಹತ್ತಿ ಬಟ್ಟೆ ಒಳ್ಳೆಯದು. ಪೆಟ್ಟಿಗೆಯಲ್ಲಿಡುವುದಾದರೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ತಿರುಗಿದಾಗ ಬಿಸಿಮಾಡಿ ಮತ್ತೆ ಬಳಸಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮೊದಲು ಪ್ಲಗ್ಗನ್ನು ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಸಿಡಿಲಿಗೆ ಸ್ವಿಚ್ಚಿನ ಒಳಗಿನ ಕೆಲವು ಮಿಲಿಮೀಟರ್ ಅಂತರ ಲೆಕ್ಕಕ್ಕಿಲ್ಲ.

ಬಿಚ್ಚುವ ವಿಚಾರ. ಹೊರಗಿನ ಅಡಾಪ್ಟರಿನಿಂದ 9 ಅಥವಾ 12 ವೋಲ್ಟಿನಲ್ಲಿ ನಡೆಯುವ ವಾದ್ಯವನ್ನು, ಅಡಾಪ್ಟರ್ ಮತ್ತು ಬ್ಯಾಟರಿ ತೆಗೆದ ಮೇಲೆ, ಶಿಕ್ಷಕರ ಸಮ್ಮುಖದಲ್ಲಿ ಬಿಚ್ಚಬಹುದು. ಖಾತರಿಯ ಅವಧಿ ಮುಗಿದಿರಲಿ. ಗೋಡೆಯ ತಂತಿ ನೇರವಾಗಿ ಒಳಗೆ ಹೋಗುವ ದೊಡ್ಡ ಪಿಯಾನೊಗಳನ್ನು ಮುಟ್ಟಬೇಡಿ. ಅವುಗಳ ಧಾರಕದಲ್ಲಿ 230ರ 1.41 ಪಟ್ಟು, ಅಂದರೆ ಸುಮಾರು 325 ವೋಲ್ಟ್ ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ನಿಂತಿರಬಹುದು.

ಹಳದೀಪುರದ ಹುಡುಗಿ ಆಗಸ್ಟ್ 15ರಂದು ಕಪ್ಪು 4ನ್ನು ತಪ್ಪಿಸುವುದಕ್ಕಾಗಿ ಇಡೀ ಹಾಡನ್ನು ಒಂದು ಮನೆ ಮೇಲಕ್ಕೆ ಸರಿಸಿಕೊಂಡು ನುಡಿಸಿದಳಂತೆ. ಆ ಕೀಲಿಯನ್ನು ನಾವು ಬಿಚ್ಚಿದ್ದು ಗಾಳಿ ಒಣಗಿದ ಮೇಲೆ, ದೀಪಾವಳಿಯ ರಜೆಯಲ್ಲಿ. ತಿರುಪುಮೊಳೆಗಳು ಎರಡು ಅಳತೆಯವು; ಯಾವುದು ಎಲ್ಲಿಯದೆಂದು ತಿಳಿಯಲು ಕಾಗದದ ಮೇಲೆ ವಾದ್ಯದ ಚಿತ್ರ ಬರೆದು, ಆಯಾ ಜಾಗದಲ್ಲೇ ಚುಚ್ಚಿಟ್ಟೆವು. ರಬ್ಬರಿನ ಪಟ್ಟಿಯನ್ನು ಎತ್ತಿ, ಫಲಕದ ಮೇಲಿನ ಸಂಪರ್ಕವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದಲೂ, ಕಪ್ಪು ಬೊಟ್ಟುಗಳನ್ನು ಒಣಬಟ್ಟೆಯಿಂದಲೂ ಒರೆಸಿದೆವು. ಉಪ್ಪುಕಾಗದದಿಂದ ತಿಕ್ಕಿದ್ದರೆ ಇಂಗಾಲದ ಲೇಪವೇ ಹೋಗಿಬಿಡುತ್ತಿತ್ತು. ಬೊಟ್ಟಿನ ಮೇಲಿದ್ದದ್ದು ಧೂಳಲ್ಲ, ಒಂದು ಸತ್ತ ಇರುವೆ. ಅದನ್ನು ಅವಳು ಬೆಂಕಿಪೊಟ್ಟಣದಲ್ಲಿ ಹಾಕಿ ಇಟ್ಟುಕೊಂಡಿದ್ದಾಳೆ.